ಪತ್ನಿಯನ್ನು ಕಳೆದುಕೊಂಡವನಿಗೆ ಅಳುವ ಹಕ್ಕಿಲ್ಲವೇ?

ಪತಿಯನ್ನು ಕಳೆದುಕೊಂಡ ಮಹಿಳೆಗೆ ಕುರ್‌ಆನ್ 4 ತಿಂಗಳು 10 ದಿನಗಳ ಇದ್ದತ್ ವಿಧಿಸಿದೆ. ಪುರುಷನಿಗೆ ಅಂಥ ಅವಧಿಯಿಲ್ಲ. ಇದನ್ನೇ ನೆಪವಾಗಿಸಿ, ಅವನಿಗೆ ದುಃಖವೇ ಇಲ್ಲವೆಂದು ನಮ್ಮ ಸಮಾಜ ತೀರ್ಮಾನಿಸಿಬಿಟ್ಟಿದೆ. ದಫನ ಮುಗಿದು ವಾರ ಕಳೆಯುವಷ್ಟರಲ್ಲಿ ಹೊಸ ಸಂಬಂಧದ ಪ್ರಸ್ತಾಪ ಬರುತ್ತದೆ. ಮಗುವನ್ನು ಅಜ್ಜಿಮನೆಗೆ ಕಳುಹಿಸೆಂಬ ಸಲಹೆ ಬರುತ್ತದೆ. ಅತ್ತರೆ ‘ಸಬ್ರ್ ಇಲ್ಲದವನು’ ಎಂಬ ಆರೋಪ.

ಸಬ್ರ್ ಎಂದರೆ ಕಲ್ಲಾಗುವುದೇ? ಖದೀಜಾ(ರ) ನಿಧನರಾದ ವರ್ಷವನ್ನು ಇತಿಹಾಸವು ದುಃಖದ ವರ್ಷವೆಂದೇ ಕರೆದಿದೆ. ಪ್ರವಾದಿ(ಸ)ರು ಬಳಿಕ ಸೌದಾ(ರ)ರನ್ನು ವಿವಾಹವಾದರು ನಿಜ. ಆದರೆ ಆ ವಿವಾಹ ಖದೀಜಾ(ರ)ರ ನೆನಪನ್ನು ಅಳಿಸಲಿಲ್ಲ. ಬದ್ರ್ ಯುದ್ಧದ ಬಳಿಕ ಪುತ್ರಿ ಝೈನಬ್(ರ), ಪತಿಯ ಬಿಡುಗಡೆಗಾಗಿ ತಾಯಿಯ ಹಾರವನ್ನು ಕಳುಹಿಸಿದಾಗ ಪ್ರವಾದಿ(ಸ)ರ ಹೃದಯ ಕರಗಿತು. ಪುತ್ರ ಇಬ್ರಾಹೀಮ್ ತೀರಿಕೊಂಡಾಗ ಅವರು ಜನರ ಮುಂದೆಯೇ ಕಣ್ಣೀರಿಟ್ಟರು. ಅವರಲ್ಲಿ ಸಬ್ರ್ ಇರಲಿಲ್ಲವೆನ್ನುವ ಧೈರ್ಯ ಯಾರಿಗಿದೆ?

ಮರುವಿವಾಹ ತಪ್ಪಲ್ಲ, ಅವಸರಪಡಿಸುವುದು ತಪ್ಪು. ತಾಯಿಯನ್ನು ಕಳೆದುಕೊಂಡ ಮಗುವಿನಿಂದ ತಂದೆಯನ್ನೂ ಕಸಿಯುವುದು ಯಾವ ಕರುಣೆ? ಜಅಫರ್(ರ) ಹುತಾತ್ಮರಾದಾಗ ಅವರ ಮನೆಯವರಿಗಾಗಿ ಆಹಾರ ಸಿದ್ಧಪಡಿಸಲು ಪ್ರವಾದಿ(ಸ)ರು ಆದೇಶಿಸಿದ್ದರು. ಹೆಣ್ಣು ಹುಡುಕುವ ಉತ್ಸಾಹಿಗಳು ಮೊದಲು ಆ ತಂದೆಯ ಮನೆಗೆ ಒಂದು ಹೊತ್ತಿನ ಊಟ ಒಯ್ಯಲಿ.