ಬರೆಯದ ದಿನಾಂಕಕ್ಕೂ ಅರ್ಥವಿದೆ

ಹಲ್ಮಿಡಿ ಶಾಸನದಲ್ಲಿ ತೇದಿಯಿಲ್ಲ. ೧೯೩೬ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಲಿಪಿಯ ಸ್ವರೂಪವನ್ನೂ ಅದರಲ್ಲಿ ಬರುವ ಕದಂಬ ಅರಸನ ಹೆಸರನ್ನೂ ಆಧರಿಸಿ ವಿದ್ವಾಂಸರು ಅದರ ಕಾಲವನ್ನು ‘ಸುಮಾರು ಕ್ರಿ.ಶ. ೪೫೦’ ಎಂದು ಗುರುತಿಸುತ್ತಾರೆ. ಆ ‘ಸುಮಾರು’ ಎಂಬ ಒಂದು ಮಾತಿನಲ್ಲಿ ಸಂಶೋಧಕನ ಪ್ರಾಮಾಣಿಕತೆ ಅಡಗಿದೆ. ತಿಳಿದಷ್ಟನ್ನು ಹೇಳಿ, ತಿಳಿಯದುದನ್ನು ತಿಳಿಯದೆಂದೇ ಬಿಡುವುದು ನಮ್ಮ ಶಾಸ್ತ್ರದ ಮರ್ಯಾದೆ.

ಇದೇ ಶಾಸನದ ವಿವರವನ್ನು ಜಾಲತಾಣವೊಂದರ ಅರ್ಜಿ ನಮೂನೆಯಲ್ಲಿ ತುಂಬುವುದಾದರೆ ಈ ಮರ್ಯಾದೆ ಉಳಿಯುವುದು ಕಷ್ಟ. ‘ದಿನಾಂಕ’ ಎಂಬ ಕಾಲಂ ದಿನ, ತಿಂಗಳು, ವರ್ಷ ಮೂರನ್ನೂ ಬೇಡುತ್ತದೆ. ವರ್ಷವನ್ನಷ್ಟೇ ಬರೆದರೆ ತಂತ್ರಾಂಶಕ್ಕೆ ತಲುಪುವುದು ಖಾಲಿ ಮೌಲ್ಯವೇ. ಪಂಪನೂ ಇಲ್ಲಿ ತಡೆಯಲ್ಪಡುತ್ತಾನೆ. ತಾನು ದುಂದುಭಿ ಸಂವತ್ಸರದಲ್ಲಿ ಹುಟ್ಟಿದವನೆಂದು ಆತ ಹೇಳಿಕೊಂಡಿದ್ದಾನೆ, ಅದರಿಂದ ಕ್ರಿ.ಶ. ೯೦೨ ಎಂದು ಎಣಿಸಬಹುದೇ ಹೊರತು ನಮೂನೆ ಕೇಳುವ ದಿನ, ತಿಂಗಳುಗಳನ್ನು ಎಲ್ಲಿಂದ ತರೋಣ?

ಖಾಲಿ ದಿನಾಂಕದ ಮುಂದೆ ತಂತ್ರಾಂಶಗಳು ಎರಡು ಬಗೆಯಲ್ಲಿ ಎಡವುತ್ತವೆ. ಕೆಲವು, ಐಚ್ಛಿಕವಾದ ಕಾಲಂ ಬರಿದಾಗಿದ್ದರೂ ‘ತಪ್ಪು ದಿನಾಂಕ’ ಎಂದು ಅರ್ಜಿಯನ್ನು ತಡೆಯುತ್ತವೆ. ಬರೆಯದಿರುವುದು ಬೇರೆ, ತಪ್ಪಾಗಿ ಬರೆಯುವುದು ಬೇರೆ ಎಂಬ ವಿವೇಕ ಅವಕ್ಕಿಲ್ಲ. ಇನ್ನು ಕೆಲವು ಖಾಲಿಯನ್ನು ಸದ್ದಿಲ್ಲದೆ ಸೊನ್ನೆಯೆಂದು ಓದುತ್ತವೆ. ಯುನಿಕ್ಸ್ ಪದ್ಧತಿಯಲ್ಲಿ ಕಾಲದ ಎಣಿಕೆ ೧೯೭೦ರ ಜನವರಿ ೧ರಿಂದ ಆರಂಭವಾಗುವುದರಿಂದ ಸೊನ್ನೆಯೆಂದರೆ ಆ ದಿನವೇ. ಭಾರತದ ಗಡಿಯಾರದಲ್ಲಿ ಅಂದಿನ ಬೆಳಗಿನ ಐದೂವರೆ ಗಂಟೆ. ಹೀಗೆ ಯಾರೂ ಬರೆಯದ ದಿನಾಂಕವೊಂದು ದಾಖಲೆಯಾಗಿ ಕುಳಿತುಕೊಳ್ಳುತ್ತದೆ. ಮೊದಲನೆಯ ದೋಷ ಮನುಷ್ಯನಿಂದ ಸುಳ್ಳು ಬರೆಸುತ್ತದೆ. ಎರಡನೆಯದು ತಾನೇ ಸುಳ್ಳು ಬರೆಯುತ್ತದೆ.

ಈ ಸುಳ್ಳಿನ ಭಾರ ಬೀಳುವುದು ಬಡವರ ಮೇಲೆ. ಹೊಸಂಗಡಿಯ ಸುತ್ತಮುತ್ತ ‘ದೊಡ್ಡ ನೆರೆ ಬಂದ ವರ್ಷ ಹುಟ್ಟಿದವಳು’ ಎಂದಷ್ಟೇ ತನ್ನ ಜನನವನ್ನು ಹೇಳಬಲ್ಲ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ಅವರ ಅರ್ಜಿ ಮುಂದೆ ಸಾಗಲೆಂದು ಯಾರೋ ಜನವರಿ ೧ ಎಂದು ಒತ್ತಿದರೆ, ನಾಳೆ ಬೇರೊಂದು ದಾಖಲೆಯೊಡನೆ ಅದು ತಾಳೆಯಾಗದಾಗ ಉತ್ತರಿಸಬೇಕಾದವರು ಅಜ್ಜಿಯೇ, ತಂತ್ರಾಂಶ ಬರೆದವನಲ್ಲ.

ಖಾಲಿ ಬಿಡಲು ಅವಕಾಶ ಕೊಟ್ಟರೆ ಎಲ್ಲರೂ ಸೋಮಾರಿಗಳಾಗುವರು ಎಂಬ ವಾದವಿದೆ. ದಿನಾಂಕ ನಿಜವಾಗಿ ಅಗತ್ಯವಾದಲ್ಲಿ ಅದನ್ನು ಕಡ್ಡಾಯ ಮಾಡುವುದು ಸರಿಯೇ. ಆದರೆ ಅಂಥಲ್ಲಿಯೂ ‘ತಿಳಿದಿಲ್ಲ’, ‘ವರ್ಷ ಮಾತ್ರ ಗೊತ್ತು’ ಎಂಬ ಆಯ್ಕೆಗಳಿರಬೇಕು. ಐಚ್ಛಿಕವಾದಲ್ಲಿ ಖಾಲಿಯನ್ನು ಪರೀಕ್ಷಿಸದೆ ಖಾಲಿಯಾಗಿಯೇ ಉಳಿಸಬೇಕು. ಏನಾದರೂ ಬರೆದಿದ್ದರೆ ಮಾತ್ರ ಅದರ ಸರಿತಪ್ಪು ನೋಡಬೇಕು. ಇದು ಅಸಾಧ್ಯವೇನಲ್ಲ. ಹುಟ್ಟಿದ ದಿನ ತಿಳಿಯದವರ ವಯಸ್ಸನ್ನು ಕೇಳಿ, ಜನ್ಮದಿನಾಂಕವನ್ನು ‘ಅಂದಾಜು’ ಎಂದು ಗುರುತಿಸುವ ವ್ಯವಸ್ಥೆ ಆಧಾರ್ ನೋಂದಣಿಯಲ್ಲಿದೆ. ನಮ್ಮ ‘ಸುಮಾರು’ ಅಲ್ಲಿ ‘ಅಂದಾಜು’ ಆಗಿದೆ, ಅಷ್ಟೆ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಇದರಿಂದೇನು ಎಂದು ಕೇಳಬಹುದು. ತಾಳೆಗರಿಗಳು, ಶಾಸನಗಳು, ಹಳೆಯ ಪತ್ರಿಕೆಗಳು ಇಂದು ಗಣಕಕ್ಕೆ ಏರುತ್ತಿವೆ. ಅವುಗಳ ವಿವರ ತುಂಬುವ ಕೆಲಸ ನಾಳೆ ನಮ್ಮ ಕೈಗೇ ಬರಬಹುದು. ನಮ್ಮ ನೆರೆಯ ಮಂಜೇಶ್ವರದಲ್ಲಿ ಗೋವಿಂದ ಪೈಗಳು ಕಾವ್ಯರಚನೆಯ ಜೊತೆಗೆ ಕಾಲನಿರ್ಣಯದ ಸಂಶೋಧನೆಗೂ ತಮ್ಮ ಬಾಳನ್ನು ಮೀಸಲಿಟ್ಟರು. ಒಂದು ತೇದಿಗಾಗಿ ಅಂತಹವರು ಪಟ್ಟ ಶ್ರಮವನ್ನು ಬಲ್ಲವರು, ನಮೂನೆಯ ಕೆಂಪು ಅಕ್ಷರಕ್ಕೆ ಅಂಜಿ ಜನವರಿ ೧ ಎಂದು ಬರೆಯಲಾಗದು. ಅಂತಹ ಕೆಲಸಕ್ಕೆ ಕುಳಿತಾಗ ನಾವು ಮೊದಲು ಕೇಳಬೇಕಾದುದು ಇಷ್ಟೇ: ‘ಇಲ್ಲಿ ಸುಮಾರು ಎಂದು ಬರೆಯಲು ಜಾಗವಿದೆಯೇ?’ ಇಲ್ಲವೆಂದಾದರೆ, ತಿದ್ದಬೇಕಾದುದು ನಮೂನೆಯನ್ನು, ಇತಿಹಾಸವನ್ನಲ್ಲ.