ಬೆಕ್ಕಿಗೆ ಸೊಕ್ಕಿಲ್ಲ ಸ್ವಾಮಿ!

"ಬೆಕ್ಕಿಗೆ ಸೊಕ್ಕು ಮಾರಾಯ್ರೆ, ನಮ್ಮ ಮುಖ ನೋಡಿಕೊಂಡೇ ಲೋಟ ಬೀಳಿಸ್ತದೆ!" ಗೋರೆಗಾಂವ್‌ಗೆ ಬಂದು ಮೂವತ್ತು ವರ್ಷ ದಾಟಿತು, ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬರೀ ಮಾತಾದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ನಾಲ್ಕು ಗಾಜಿನ ಲೋಟ, ಒಂದು ಮೊಬೈಲು ಒಡೆದ ಮೇಲೆ ಅದೇ ಮಾತು ತೀರ್ಪಾಗುತ್ತದೆ. ಬೆಕ್ಕನ್ನು ಚೀಲಕ್ಕೆ ತುಂಬಿ ಆರೇ ಕಾಲನಿಯಲ್ಲಿ ಬಿಟ್ಟು ಬಂದವರನ್ನು ನಾನೇ ಬಲ್ಲೆ. "ಅಲ್ಲಿ ಕಾಡಿದೆ, ಹೇಗೋ ಬದುಕ್ತದೆ" ಅಂತ ಸಮಾಧಾನ ಬೇರೆ!

ಸೊಕ್ಕು ತೋರಿಸಬೇಕಾದರೆ ಬೆಕ್ಕಿಗೆ ಲೋಟದ ಬೆಲೆ ಗೊತ್ತಿರಬೇಕಲ್ಲ? ಬೆಕ್ಕು ಬೇಟೆಗಾರ. ಹಿಡಿದ ಇಲಿಯನ್ನು ಮುಂಗಾಲಿನಿಂದ ತಟ್ಟಿ ನೋಡುವುದು ಅದರ ರಕ್ತದಲ್ಲೇ ಇದೆ. 'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎಂದ ಹಿರಿಯರು ಇದನ್ನು ಕಂಡೇ ಹೇಳಿದ್ದು. ಅದರ ಅಂಗಾಲಿನ ಮೆತ್ತೆಗೆ ಸ್ಪರ್ಶ ಬಹಳ ಸೂಕ್ಷ್ಮ. ನಾವು ಬೆರಳಿನಿಂದ ಮುಟ್ಟಿ ನೋಡುವುದನ್ನು ಅದು ತಟ್ಟಿ ನೋಡುತ್ತದೆ. ತಟ್ಟಿದ್ದು ಉರುಳಿದರಂತೂ ಓಡುವ ಇಲಿಯನ್ನೇ ಕಂಡಷ್ಟು ಖುಷಿ.

ಊರಿನ ಮನೆಯಲ್ಲಿ ಅಟ್ಟವಿತ್ತು, ಕೊಟ್ಟಿಗೆಯಿತ್ತು, ಬೇಕಾದಷ್ಟು ಇಲಿಗಳಿದ್ದವು. ಇಲ್ಲಿ ಒನ್ ರೂಮ್ ಕಿಚನ್, ಕಿಟಕಿಗೆ ಗ್ರಿಲ್ಲು. ಅದಕ್ಕೆ ಅಟ್ಟವೆಂದರೆ ಫ್ರಿಜ್ಜಿನ ತಲೆ, ಇಲಿಯೆಂದರೆ ನಿಮ್ಮ ಪೆನ್ನು, ಕನ್ನಡಕ, ಲೋಟ. ಬೇರೇನು ಮಾಡಬೇಕಿತ್ತು ಅದು?

ಹಾಗಾದರೆ ಮುಖ ನೋಡುವುದೇಕೆ ಅಂತೀರಾ? ಅದನ್ನು ಕಲಿಸಿದವರು ನಾವೇ! ಸುಮ್ಮನೆ ಕೂತ ಬೆಕ್ಕನ್ನು ಕೇಳುವವರಿಲ್ಲ. ಲೋಟ 'ಠಣ್' ಎಂದರೆ ಇಡೀ ಮನೆ ಓಡಿ ಬರುತ್ತದೆ, ಬೆಳಗಿನ ಐದಕ್ಕೇ ತಿಂಡಿಯೂ ಸಿಗುತ್ತದೆ. ಒಮ್ಮೆ ಬಾಯಿ ಸುಟ್ಟುಕೊಂಡು ಹಾಲು ಕಂಡರೆ ಓಡಲು ಕಲಿತ ತೆನಾಲಿ ರಾಮನ ಬೆಕ್ಕಿನ ಕತೆ ಗೊತ್ತಲ್ಲ? ಇದೂ ಅಂಥದೇ ಪಾಠ, ಇಲ್ಲಿ ಬಿಸಿಹಾಲಿನ ಬದಲು ಲಾಭವಿದೆ ಅಷ್ಟೆ. ಹೊಡೆದರೆ ಅದು ನಿಮಗೆ ಹೆದರಲು ಕಲಿಯುತ್ತದೆಯೇ ಹೊರತು ಲೋಟದ ಮರ್ಯಾದೆಯನ್ನಲ್ಲ.

ನಮ್ಮ ಅಜ್ಜಿಯಂದಿರು ಬೆಕ್ಕಿಗೆ ನೀತಿ ಹೇಳಲಿಲ್ಲ. ಹಾಲು ಮೊಸರನ್ನು ನೆಲವಿನಲ್ಲಿ ತೂಗುಹಾಕಿದರು. ನಾವೂ ಗಾಜನ್ನು ಕಪಾಟಿನೊಳಗಿಡೋಣ. ಎತ್ತರದ ಒಂದು ಹಲಗೆ ಬೆಕ್ಕಿಗೇ ಬಿಡೋಣ. ಬೆಳಗ್ಗೆ ಮತ್ತು ಮುಸ್ಸಂಜೆ ಅದರ ಬೇಟೆಯ ಹೊತ್ತು. ಸಂಜೆ ಹತ್ತು ನಿಮಿಷ ದಾರ ಎಳೆದು ಆಡಿಸಿ ಆಮೇಲೆ ಊಟ ಕೊಡೋಣ. ಸೀರಿಯಲ್ಲಿಗೆ ಒಂದು ಗಂಟೆ ಸಿಗುವವರಿಗೆ ಇಷ್ಟೂ ಪುರುಸೊತ್ತಿಲ್ಲವೇ?

ಇನ್ನು ಆರೇ. ಅದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಅಂಟಿಕೊಂಡ, ಚಿರತೆಗಳು ಓಡಾಡುವ ಜಾಗ. ಮನೆಯ ಅನ್ನ ಮೀನು ತಿಂದು ಬೆಳೆದ ಬೆಕ್ಕಿಗೆ ಅಲ್ಲಿ ಹಸಿವು, ಬೀದಿನಾಯಿ, ಚಿರತೆ ಮೂರೂ ಕಾದಿರುತ್ತವೆ. ಸಾಕಿದ ಪ್ರಾಣಿಯನ್ನು ಹಸಿವಿಗೆ ದೂಡಿ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಆ ಕಾಯ್ದೆ ಬರೆದ ಮೊದಲ ತಪ್ಪಿನ ದಂಡ 10ರಿಂದ 50 ರೂಪಾಯಿ. ಒಡೆದ ಲೋಟಕ್ಕಿಂತ ಅಗ್ಗ! ಅದಕ್ಕೇ ಇರಬೇಕು ಯಾರಿಗೂ ಭಯವಿಲ್ಲ.

ಗುರುತಿಲ್ಲದ ಜಾಗದಲ್ಲಿ ಇಳಿದು ಬದುಕುವುದು ಏನೆಂದು ಊರು ಬಿಟ್ಟು ಬಂದ ನಮಗೆ ಬೇರೆಯವರು ಹೇಳಿಕೊಡಬೇಕೇ? ನಮ್ಮ ಜೇಬಿನಲ್ಲಾದರೂ ಅಣ್ಣನದೋ ಮಾವನದೋ ವಿಳಾಸದ ಚೀಟಿ ಇತ್ತು. ಚೀಲದಿಂದ ಹೊರಬಿದ್ದ ಬೆಕ್ಕಿನ ಬಳಿ ಏನಿದೆ ಹೇಳಿ?