ಹತ್ತಿದ ಗುಳಿಗೆ

ಶಿಗ್ಗಾಂವಿ, ಸವಣೂರಿನ ಔಷಧದಂಗಡಿಗಳಲ್ಲಿ ಗುಳಿಗೆ ಹಾಳೆಯನ್ನು ಕತ್ತರಿಯಿಂದ ತುಂಡು ಮಾಡಿ ಕೊಡುವ ರೂಢಿಯಿದೆ. ನಾಲ್ಕು ಕೇಳಿದರೆ ನಾಲ್ಕೇ. ಎಷ್ಟೋ ಸಲ ಹೆಸರು ಅಂಗಡಿಯ ಡಬ್ಬಿಯಲ್ಲೇ ಉಳಿಯುತ್ತದೆ, ಮನೆಗೆ ಬರುವುದು ಬಣ್ಣ ಮಾತ್ರ. ಆಮೇಲೆ ಹಾನಗಲ್ಲಿನಿಂದಲೋ ಹಿರೇಕೆರೂರಿನಿಂದಲೋ ಬಸ್ಸು ಹಿಡಿದು, 1845ರಲ್ಲಿ ಹುಚ್ಚರ ಆಸ್ಪತ್ರೆಯಾಗಿ ಶುರುವಾದ ಧಾರವಾಡದ ಡಿಮ್ಹಾನ್ಸಿಗೆ ಹೋದವರು, “ಸಾಹೇಬ್ರ, ಆ ಸಣ್ಣ ಗುಲಾಬಿ ಗುಳಿಗಿನ ಬರಕೊಡ್ರಿ, ಅದು ನನಗ ಹತ್ತೈತ್ರಿ” ಅನ್ನುತ್ತಾರೆ.

ಡಾಕ್ಟರ ಹುಬ್ಬು ಗಂಟಾಗುವುದು ಸಹಜ. ಓದಿದವರು ಯಾರು, ಬರೆಯುವವರು ಯಾರು?

ಆದರೆ ಆ ‘ಹತ್ತೈತಿ’ಯನ್ನು ನೋಡಿ. ಉಂಡದ್ದು ಮೈಗೆ ಹತ್ತಬೇಕು ಅನ್ನುತ್ತೇವಲ್ಲ, ಅದೇ ಹತ್ತುವುದು. ಅದು ಉಂಡವನಿಗಷ್ಟೇ ಗೊತ್ತು. ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ತೆಗೆದುಕೊಂಡ ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಹಿಡಿಯುತ್ತದೆ. ನೋಡುವವರಿಗೆ ಕಾಯಿಲೆಯೇ ಕೆರಳಿದಂತೆ ಕಂಡು ಪ್ರಮಾಣ ಏರಿಸಿದರೆ ಚಡಪಡಿಕೆ ಇನ್ನಷ್ಟು. “ಇದು ಬ್ಯಾಡ್ರಿ, ಹಿಂದಿಂದ ಕೊಡ್ರಿ” ಎನ್ನುವವನ ಹಟದೊಳಗೆ ಯಾವ ರಕ್ತಪರೀಕ್ಷೆಯೂ ಕೊಡದ ವರದಿಯಿದೆ.

ಎಲ್ಲ ಬೇಡಿಕೆಯೂ ಹಾಗಲ್ಲ, ನಿಜ. ‘ನಿದ್ದಿ ಗುಳಿಗಿ’ ಎಂದು ಅಲ್ಪ್ರಝೋಲಾಮ್ ಕೇಳುವವರಿದ್ದಾರೆ. ಕೆಲವು ವಾರ ಬಿಡದೆ ನುಂಗಿದರೆ ಅದು ಅಂಟಿಕೊಂಡುಬಿಡಬಹುದು. ಆಮೇಲೆ ಕೇಳುತ್ತಿರುವುದು ರೋಗಿಯೋ ಗುಳಿಗೆಯೋ ಹೇಳುವುದು ಕಷ್ಟ. ಇನ್ನು ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ಎಷ್ಟೇ ಹತ್ತಿದ್ದರೂ ರಕ್ತಪರೀಕ್ಷೆ ತಪ್ಪದು. ಬಿಸಿಲಲ್ಲಿ ಗೋವಿನಜೋಳ ಮುರಿದು, ಬೆವರಿಳಿಸಿ, ರಾತ್ರಿ ಮೈಕೈ ನೋವಿಗೆ ಐಬುಪ್ರೊಫೆನ್ ನುಂಗಿದರೆ ದಿನದ ಅಳತೆಯ ಲಿಥಿಯಮ್ಮೇ ರಕ್ತದಲ್ಲಿ ವಿಷದ ಮಟ್ಟಕ್ಕೇರಬಹುದು. ಹೊಲದಲ್ಲಿ ಏನು ಕೆಲಸ ಎಂದು ಕೇಳದ ಡಾಕ್ಟರಿಗೆ ಇದು ತಿಳಿಯುವುದು ಹೇಗೆ?

ಕಾನೂನು ಇವರೆಲ್ಲರಿಗಿಂತ ಮುಂದೆ ಹೋಗಿ ಕೂತಿದೆ. ಮುಂದೆ ಮಾನಸಿಕ ಕಾಯಿಲೆ ಬಂದರೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ವಯಸ್ಕರು ಮೊದಲೇ ಬರೆದಿಡಬಹುದು ಅನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 5ನೇ ಕಲಮು. ಬರೆದಿಡಲು ಗುಳಿಗೆಯ ಹೆಸರಾದರೂ ಗೊತ್ತಿರಬೇಕಲ್ಲ!

ಸವಣೂರಿನ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹಿರಿಯ ಹೆಣ್ಣುಮಗಳೊಬ್ಬಳು ಸೆರಗಿನ ಗಂಟು ಬಿಚ್ಚಿ, ಎಲೆ-ಅಡಿಕೆಯ ನಡುವಿನಿಂದ ಖಾಲಿ ತುಂಡೊಂದನ್ನು ತೆಗೆದು ತೋರಿಸಿದಳು. ಮಗನಿಗೆ ಹತ್ತಿದ ಗುಳಿಗೆಯಂತೆ. ಬೆಳ್ಳಿ ಹಾಳೆಯ ಮೇಲೆ ಹೆಸರಿನ ಬಾಲವಷ್ಟೇ ಉಳಿದಿತ್ತು: ‘ಪಿನ್’. ಒಲಾಂಝಪಿನ್, ಕ್ಲೋಝಪಿನ್, ಕ್ವೆಟಿಯಪಿನ್, ಎಲ್ಲಕ್ಕೂ ಅದೇ ಬಾಲ.

“ಬಣ್ಣ ಯಾವ್ದಿತ್ತು ಯವ್ವಾ?”

“ಹಳದಿ” ಅಂದಳು, ಒಂಚೂರೂ ತಡವರಿಸದೆ.